ಚಿನ್ನದ ನೆಲದಿಂದ ಮೀನಿನ ಶಿಲೆಯತ್ತ

ಕೋಲಾರದ ಚಿನ್ನದ ಗಣಿಗಳನ್ನು 1880ರ ಸುಮಾರಿಗೆ ಜಾನ್ ಟೇಲರ್ ಕಂಪನಿಯವರು ವಹಿಸಿಕೊಂಡಂದಿನಿಂದ 2001ರ ಫೆಬ್ರವರಿ 28ರಂದು ಅವು ಮುಚ್ಚುವವರೆಗೆ, ಅಲ್ಲಿನ ನೆಲವನ್ನು 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಅಗೆಯಲಾಯಿತು. ಅಷ್ಟು ಆಳದಿಂದ ಚಿನ್ನ ಬಂದಿತು, ಕಲ್ಲು ಬಂದಿತು. ಸೈನೈಡ್ ಗುಡ್ಡಗಳೆಂದು ಜನರು ಕರೆಯುವ ಬೂದುಬಣ್ಣದ ಮಣ್ಣಿನ ರಾಶಿಗಳು ಇಂದಿಗೂ ನಿಂತಿವೆ. ಆದರೆ ಮೀನಿನ ಒಂದು ಹುರುಪೆಯಾದರೂ ಅಲ್ಲಿ ದೊರೆಯಲಿಲ್ಲ, ದೊರೆಯುವಂತೆಯೂ ಇರಲಿಲ್ಲ.

ಬಂಗಾರಪೇಟೆಯ ನಮ್ಮ ಸಮಾಜದ ಮನೆಯೊಂದರ ಹುಡುಗಿ, ಭೂವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿಗೆ ಸೇರಿ, ಪ್ರಾಚೀನ ಮೀನುಗಳ ಪಳೆಯುಳಿಕೆಯನ್ನೇ ತನ್ನ ವಿಷಯವಾಗಿ ಆರಿಸಿಕೊಂಡಳೆಂದು ಭಾವಿಸೋಣ. ಮನೆಯಲ್ಲಿ ಏಳುವ ಮೊದಲನೆಯ ಪ್ರಶ್ನೆ ಉದ್ಯೋಗದ್ದು. ಎರಡನೆಯದನ್ನು ಅಜ್ಜಿಯೇ ಕೇಳುತ್ತಾರೆ: “ಲಿಂಗ ಕಟ್ಟಿಕೊಂಡ ಮನೆಯ ಮಗು, ಮೀನಿನ ಮೂಳೆ ಮುಟ್ಟುವುದೇನೇ ಅಮ್ಮಣ್ಣಿ?” ಎರಡಕ್ಕೂ ಉತ್ತರ ಕೊಡಬೇಕಾದದ್ದೇ. ಅದಕ್ಕೆ ಮೊದಲು ಆ ಹುಡುಗಿಯ ಕಣ್ಣಿನಿಂದ ನೆಲವನ್ನೊಮ್ಮೆ ನೋಡುವುದು ಒಳ್ಳೆಯದು.

ಕೋಲಾರದ ಚಿನ್ನದ ಪಟ್ಟಿ ಸುಮಾರು 80 ಕಿಲೋಮೀಟರ್ ಉದ್ದದ್ದು. ಅದರ ಶಿಲೆಗಳ ವಯಸ್ಸು ಸುಮಾರು 270 ಕೋಟಿ ವರ್ಷ. ಅಲ್ಲಿ ಕೆಲವೆಡೆ ದಿಂಬುಗಳನ್ನು ಒತ್ತೊತ್ತಾಗಿ ಜೋಡಿಸಿದಂತೆ ಕಾಣುವ ಲಾವಾ ಶಿಲೆಗಳಿದ್ದು, ಅವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳ ಸಾಲಿಗೆ ಸೇರಿಸಲಾಗಿದೆ. ಕುದಿಯುವ ಲಾವಾ ನೀರಿನೊಳಗೆ ಹರಿದು, ಮೇಲ್ಮೈ ಥಟ್ಟನೆ ತಣಿದರೆ ಮಾತ್ರ ಅಂತಹ ಆಕಾರ ಬರುತ್ತದೆ. ಎಂದರೆ, ಬೇಸಗೆಯಲ್ಲಿ ಕುಡಿಯುವ ನೀರಿಗೆ ಪರದಾಡುವ ಈ ನಾಡು ಒಂದು ಕಾಲಕ್ಕೆ ನೀರಿನಡಿಯಲ್ಲಿತ್ತು! ಆದರೆ ಆ ನೀರಿನಲ್ಲಿ ಮೀನಿರಲಿಲ್ಲ. ಮೀನಿನಂತಹ ಜೀವಿಯ ಅತ್ಯಂತ ಹಳೆಯ ಕುರುಹುಗಳು ಚೀನಾದಲ್ಲಿ ಸಿಕ್ಕಿವೆ; ಅವುಗಳ ವಯಸ್ಸು ಸುಮಾರು 52 ಕೋಟಿ ವರ್ಷ ಮಾತ್ರ. ಕೋಲಾರದ ಸಮುದ್ರ ಮುಗಿದು ಇನ್ನೂರು ಕೋಟಿ ವರ್ಷಗಳು ಕಳೆದ ಮೇಲೆ ಮೀನು ಹುಟ್ಟಿತು. ಆದ್ದರಿಂದ ಈ ವಿದ್ಯೆಯನ್ನು ಅರಸುವವರು ಊರು ಬಿಟ್ಟು ಹೊರಡಲೇಬೇಕು.

ದೂರವೇನೂ ಹೋಗಬೇಕಿಲ್ಲ. ಬಂಗಾರಪೇಟೆಯಿಂದ ಜೋಲಾರಪೇಟೆ, ಸೇಲಂ, ವೃದ್ಧಾಚಲಂ ಮಾರ್ಗವಾಗಿ ರೈಲಿನಲ್ಲಿಯೇ ತಮಿಳುನಾಡಿನ ಅರಿಯಲೂರನ್ನು ಮುಟ್ಟಬಹುದು. ಅಲ್ಲಿ ಸುಮಾರು 10 ಕೋಟಿ ವರ್ಷಗಳ ಹಿಂದಿನ ಸಮುದ್ರದ ತಳ ಬಯಲಿನಲ್ಲಿಯೇ ಬಿದ್ದಿದೆ. ನಮ್ಮ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರೊಫೆಸರ್ ಎಲ್. ರಾಮರಾಯರು ಪಳೆಯುಳಿಕೆಗಳೇ ಅಪರೂಪವಾದ ಮೈಸೂರು ಸೀಮೆಯಲ್ಲಿ ಪಾಠ ಹೇಳುತ್ತಲೇ, ಅಲ್ಲಿನ ನಿನಿಯೂರು ಪದರದ ಪಾಚಿಗಳ ಅವಶೇಷಗಳ ಕುರಿತು ಯೂರೋಪಿನ ವಿದ್ವಾಂಸ ಪಿಯಾ ಅವರೊಡನೆ 1936ರಲ್ಲಿ ಗ್ರಂಥ ಪ್ರಕಟಿಸಿದರು. ಇದಕ್ಕೂ ಬಹಳ ಹಿಂದೆ, 1845ರಲ್ಲಿ, ಪಾಂಡಿಚೇರಿಯ ಬಳಿ ಕೇ ಮತ್ತು ಕನ್ಲಿಫ್ ಎಂಬುವರು ಸಂಗ್ರಹಿಸಿದ ಮೀನಿನ ಅವಶೇಷಗಳನ್ನು ಎಗರ್ಟನ್ ವರ್ಣಿಸಿದ್ದುಂಟು.

ಅಲ್ಲಿ ದೊರೆಯುವುದು ಹೆಚ್ಚಾಗಿ ಶಾರ್ಕ್ ಮೀನಿನ ಹಲ್ಲು. ಶಾರ್ಕಿನ ಅಸ್ಥಿಪಂಜರ ನಮ್ಮ ಕಿವಿಯ ಹಾಲೆಯಂತಹ ಮೃದುವಾದ ವಸ್ತುವಿನದು, ಅದು ಕೊಳೆತುಹೋಗುತ್ತದೆ. ಹಲ್ಲುಗಳಾದರೋ ಬದುಕಿನುದ್ದಕ್ಕೂ ಉದುರುತ್ತ, ಮತ್ತೆ ಮೂಡುತ್ತ ಇರುತ್ತವೆ. ಒಂದೇ ಮೀನು ಸಾವಿರಾರು ಹಲ್ಲುಗಳನ್ನು ಸಮುದ್ರದ ಕೆಸರಿಗೆ ಒಪ್ಪಿಸಿ ಹೋಗಿರುತ್ತದೆ. ಕೆಲವು ಸಾಸಿವೆ ಕಾಳಿನಷ್ಟು ಚಿಕ್ಕವು. ವಿದ್ಯಾರ್ಥಿನಿಯು ಕಾರೈ ಗ್ರಾಮದ ಬಳಿಯ ಕೊರಕಲುಗಳಿಂದ ಜೇಡಿಶಿಲೆಯನ್ನು ಚೀಲಗಳಲ್ಲಿ ತುಂಬಿ, ಪದರದ ಹೆಸರು, ಜಾಗ, ದಿನಾಂಕಗಳನ್ನು ಬರೆದು, ಪ್ರಯೋಗಶಾಲೆಗೆ ತರುತ್ತಾಳೆ. ನೀರಿನಲ್ಲಿ ನೆನೆಸಿ, ಸಣ್ಣ ಕಣ್ಣಿನ ಜರಡಿಗಳಲ್ಲಿ ತೊಳೆದು, ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಒದ್ದೆ ಕುಂಚದ ತುದಿಯಿಂದ ಒಂದೊಂದನ್ನೇ ಆರಿಸಬೇಕು. ಸುಣ್ಣಕಲ್ಲಾದರೆ ವಿನೆಗರ್‌ನಲ್ಲಿರುವ ಆಮ್ಲವನ್ನು ತೆಳುಮಾಡಿ ಕರಗಿಸುತ್ತಾರೆ. ಕಲ್ಲು ಕರಗುತ್ತದೆ, ಹಲ್ಲು ಉಳಿಯುತ್ತದೆ. ಮೂಟೆಗಟ್ಟಲೆ ಮಣ್ಣಿಗೆ ಒಂದು ಬೆಂಕಿಪೊಟ್ಟಣದಷ್ಟು ಫಲ. ಅಕ್ಕಿಯಲ್ಲಿ ಕಲ್ಲು ಆರಿಸುವ ನಮ್ಮ ತಾಯಂದಿರಿಗೆ ಈ ಕೆಲಸದ ತಾಳ್ಮೆಯನ್ನು ವಿವರಿಸಿ ಹೇಳಬೇಕಾಗಿಲ್ಲ; ಇಲ್ಲಿ ಕಲ್ಲಿನಲ್ಲಿ ಅಕ್ಕಿ ಆರಿಸುವುದು, ಅಷ್ಟೆ ವ್ಯತ್ಯಾಸ.

ಅವಸರವೂ ಇದೆ. ಅರಿಯಲೂರಿನ ಸುಣ್ಣಕಲ್ಲು ಸಿಮೆಂಟಿನ ಕಚ್ಚಾವಸ್ತು. ಗಣಿಗಳು ಹೊಸ ಪದರಗಳನ್ನು ತೆರೆದು ತೋರಿಸುತ್ತವೆ ಎಂಬುದೂ ನಿಜ, ಅದೇ ಪದರಗಳನ್ನು ಪುಡಿಮಾಡುತ್ತವೆ ಎಂಬುದೂ ನಿಜ. ಇಂದು ಆರಿಸದೆ ಬಿಟ್ಟದ್ದು ನಾಳೆ ಯಾರದೋ ಮನೆಯ ತಾರಸಿಯಾಗಬಹುದು.

ಕರ್ನಾಟಕದೊಳಗೂ ಒಂದು ಆಸರೆಯಿದೆ. ಯಾದಗಿರಿ ಜಿಲ್ಲೆಯ ಗುರುಮಠಕಲ್ ಬಳಿ, ದಖ್ಖನಿನ ಲಾವಾ ಹರಿವುಗಳ ನಡುವಣ ಬಿಡುವಿನಲ್ಲಿ ಕೆರೆಗಳಲ್ಲಿ ಕುಳಿತ ಹೂಳು ಕಲ್ಲಾಗಿದೆ. ಅದರಲ್ಲಿ ಮೀನಿನ ಸೂಕ್ಷ್ಮ ಅವಶೇಷಗಳು ಸಿಕ್ಕಿವೆ. ಮಹಾರಾಷ್ಟ್ರದ ಡೋಂಗರಗಾಂವ್‌ನಿಂದ ವುಡ್‌ವರ್ಡ್ 1908ರಲ್ಲಿ ವರ್ಣಿಸಿದ ಗಾರ್ ಎಂಬ ಮೀನಿನ ಬಂಧುಗಳು ಇಂದು ಉಳಿದಿರುವುದು ಅಮೆರಿಕ ಖಂಡದ ನದಿಗಳಲ್ಲಿ ಮಾತ್ರ!

ಇನ್ನು ಅಜ್ಜಿಯ ಪ್ರಶ್ನೆ. ಪಳೆಯುಳಿಕೆಯೆಂಬುದು ಮಾಂಸವಲ್ಲ, ಕಲ್ಲು. ಅದರಿಂದ ಯಾರಿಗೂ ಹಿಂಸೆಯಿಲ್ಲ. ಆದರೆ ಪ್ರಾಮಾಣಿಕವಾಗಿ ಹೇಳುವುದಾದರೆ ಮಾತು ಅಲ್ಲಿಗೇ ಮುಗಿಯದು. ಹಳೆಯ ಹಲ್ಲನ್ನು ಗುರುತಿಸಲು ಇಂದಿನ ಮೀನಿನ ಹಲ್ಲು, ಮೂಳೆ, ಕಿವಿಯೊಳಗಣ ಪುಟ್ಟ ಕಲ್ಲುಗಳೊಡನೆ ಹೋಲಿಸಬೇಕು. ಅನೇಕರು ಮಾರುಕಟ್ಟೆಯಿಂದ ಮೀನು ತಂದು ಕುದಿಸಿ ಮೂಳೆ ಬಿಡಿಸುತ್ತಾರೆ. ನಮ್ಮ ಮನೆಯ ಮಗುವಿಗೆ ಇದು ಕಷ್ಟವೆನಿಸಿದರೆ ಅದು ದೌರ್ಬಲ್ಯವಲ್ಲ. 1916ರಲ್ಲಿ ಸ್ಥಾಪಿತವಾದ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದಂತಹ ಸಂಸ್ಥೆಗಳಲ್ಲಿ ಮೀನುಗಳ ದೊಡ್ಡ ಸಂಗ್ರಹಗಳಿವೆ. ಅಲ್ಲಿ ಕುಳಿತು ಅಭ್ಯಾಸ ಮಾಡಬಹುದು. ಬೇಸಗೆಯಲ್ಲಿ ಬತ್ತುವ ಕೆರೆಯ ಅಂಗಳದಲ್ಲಿ ತಾನಾಗಿಯೇ ಸತ್ತ ಮೀನಿನ ಮೂಳೆಗಳೂ ಸಿಗುತ್ತವೆ. ಆದರೂ ಒಂದು ದಿನ ಆಕೆ ಮೂಳೆ ಮುಟ್ಟಿ ಬಂದಾಳು. ಕೈತೊಳೆದು ಒಳಗೆ ಬಾ ಎನ್ನುವ ಮನಸ್ಸು ಮನೆಯವರಿಗೆ ಇರಬೇಕು.

ಉದ್ಯೋಗದ ವಿಷಯ ಚಿಕ್ಕದಾಗಿ: ಕೇಂದ್ರ ಲೋಕಸೇವಾ ಆಯೋಗದ ಭೂವಿಜ್ಞಾನಿಗಳ ಪರೀಕ್ಷೆಯ ಮೂಲಕ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯಕ್ಕೆ ಆಯ್ಕೆಯಾಗಬಹುದು; ತೈಲಶೋಧನೆಯಲ್ಲಿ ಸೂಕ್ಷ್ಮ ಪಳೆಯುಳಿಕೆ ಬಲ್ಲವರು ಬೇಕು; ಅಧ್ಯಾಪನವಿದೆ. ಸ್ಥಾನಗಳು ಹೆಚ್ಚಿಲ್ಲ, ಕಾಯಬೇಕಾದೀತು. ಹಾಗೆಂದು ಗಣಿಯ ಕೆಲಸ ಶಾಶ್ವತವೆಂದು ನಂಬಿದ್ದ ಕೆಜಿಎಫ್‌ನ ಕುಟುಂಬಗಳು 2001ರಲ್ಲಿ ಕಂಡದ್ದೇನೆಂಬುದು ಬಂಗಾರಪೇಟೆಯವರಿಗೆ ತಿಳಿಯದ್ದಲ್ಲ.

ರಜೆಯಲ್ಲಿ ಮನೆಗೆ ಬಂದ ಹುಡುಗಿಗೆ ಬೇತಮಂಗಲದ ಕೆರೆಯೇ ಸಾಕು. ಪಾಲಾರ್ ನದಿಗೆ ಕಟ್ಟಿದ ಆ ಕೆರೆ ಹಿಂದೆ ಗಣಿಯ ಊರಿಗೆ ನೀರುಣಿಸಿದ್ದು. ನೀರಿದ್ದ ವರ್ಷ ಏರಿಯ ಮೇಲೆ ಮುಂಜಾನೆ ಕುಳಿತರೆ ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿಗಳು ಕಾಣುತ್ತವೆ. ನೀರಿಳಿದ ವರ್ಷ ಬಿರಿದ ಕೆಸರಿನಲ್ಲಿ ಹಕ್ಕಿಯ ಹೆಜ್ಜೆ, ಶಂಖದ ಹುಳುವಿನ ಚಿಪ್ಪು, ಮೀನಿನ ಹುರುಪೆಗಳು ಒಂದರ ಮೇಲೊಂದು ಪದರವಾಗಿ ಕುಳಿತಿರುವುದನ್ನು ಆಕೆ ತಮ್ಮಂದಿರಿಗೆ ತೋರಿಸಬಲ್ಲಳು. ಅರಿಯಲೂರಿನ ಕಲ್ಲೂ ಮೊದಲು ಹೀಗೆಯೇ ಕೆಸರಾಗಿತ್ತು. ಕುಟುಂಬದವರೆಲ್ಲ ತಿರುಚಿರಾಪಳ್ಳಿ, ತಂಜಾವೂರುಗಳ ಕಡೆ ಯಾತ್ರೆ ಹೊರಟಾಗ ಅರಿಯಲೂರಿನ ಹತ್ತಿರದ ವಾರಣವಾಸಿಯಲ್ಲಿರುವ ಪಳೆಯುಳಿಕೆಗಳ ವಸ್ತುಸಂಗ್ರಹಾಲಯಕ್ಕೂ ಅರ್ಧ ದಿನ ಇಟ್ಟುಕೊಳ್ಳಬಹುದು; ಮಕ್ಕಳ ಕೈಗೊಂದು ಭೂತಗನ್ನಡಿ ಕೊಟ್ಟಿರಿ.