ಬೇಕೆಂದೇ ಮಾಡಿದ ಅಪಘಾತ

ಕ್ರೀಡೆಯಲ್ಲಿ ವಂಚನೆಯೆಂಬ ಮಾತು ಬಂದೊಡನೆ ನಮ್ಮವರ ಸ್ಮರಣೆಗೆ ಮೊದಲು ಬರುವುದು 2000ನೆಯ ಇಸವಿಯ ಕ್ರಿಕೆಟ್ ಪ್ರಕರಣ. ದಕ್ಷಿಣ ಆಫ್ರಿಕದ ನಾಯಕ ಹ್ಯಾನ್ಸಿ ಕ್ರೋನಿಯೆ ತಪ್ಪೊಪ್ಪಿಕೊಂಡ ಆ ದಿನಗಳಿಂದ, ಆಟವನ್ನು ಮಾರಿಕೊಳ್ಳುವುದೆಂದರೆ ಹೊರಗಿನ ಬುಕ್ಕಿಯೊಬ್ಬನು ಹಣದ ಆಮಿಷವನ್ನೊಡ್ಡಿ ಒಳಗಿನ ಆಟಗಾರನನ್ನು ಕೊಂಡುಕೊಳ್ಳುವುದು ಎಂಬ ಕಲ್ಪನೆಯು ನಮ್ಮ ಮನಸ್ಸಿನಲ್ಲಿ ದೃಢವಾಗಿ ನೆಲೆಸಿದೆ. ಮೋಟಾರು ಪಂದ್ಯಗಳ ಪ್ರಪಂಚದಲ್ಲಿಯೂ ಅಂತಹ ಕಥೆಗಳು ಇಲ್ಲದಿಲ್ಲ. 1933ರ ಟ್ರಿಪೋಲಿ ಗ್ರ್ಯಾನ್ ಪ್ರಿಯಲ್ಲಿ ಲಾಟರಿಯ ಬಹುಮಾನಕ್ಕಾಗಿ ಹೆಸರಾಂತ ಚಾಲಕರೇ ಒಳಒಪ್ಪಂದ ಮಾಡಿಕೊಂಡರೆಂಬ ಆಪಾದನೆಯು ಇಂದಿಗೂ ಇತಿಹಾಸಕಾರರ ವಾದವಿವಾದಕ್ಕೆ ವಿಷಯವಾಗಿದೆ. ಆದರೆ ನಮ್ಮ ಕಾಲದಲ್ಲಿ ಆ ಕ್ರೀಡೆಗೆ ಅತ್ಯಂತ ಗಾಢವಾದ ಕಳಂಕವನ್ನು ತಂದ ಪ್ರಕರಣದಲ್ಲಿ ಬುಕ್ಕಿಯೂ ಇರಲಿಲ್ಲ, ಲಾಟರಿಯೂ ಇರಲಿಲ್ಲ. ಅಲ್ಲಿ ವಂಚನೆಯು ತಂಡದ ಒಳಗೇ ಹುಟ್ಟಿ, ಉದ್ಯೋಗವನ್ನು ಕೊಡುವ ಹಾಗೂ ಕಸಿದುಕೊಳ್ಳುವ ಅಧಿಕಾರವುಳ್ಳವರ ಸನ್ನಿಧಿಯಲ್ಲಿ ಬೆಳೆದು, ಆ ಅಧಿಕಾರಕ್ಕೆ ಅಂಜಿದ್ದ ಯುವಕನೊಬ್ಬನ ಕೈಯಿಂದ ನಡೆಯಿತು. ಈ ವ್ಯತ್ಯಾಸವನ್ನು ಗ್ರಹಿಸದೆ ಮೋಟಾರು ಕ್ರೀಡೆಯ ವಂಚನೆಯನ್ನು ಅರಿಯುವುದಾಗಲಿ, ತಡೆಯುವುದಾಗಲಿ ಸಾಧ್ಯವಿಲ್ಲವೆಂಬುದೇ ಈ ಲೇಖನದ ಅಭಿಪ್ರಾಯ.

2008ರ ಸೆಪ್ಟೆಂಬರ್ 28ರಂದು ಸಿಂಗಪುರದ ಮರೀನಾ ಬೇ ಬೀದಿಗಳಲ್ಲಿ ಫಾರ್ಮುಲಾ ಒನ್ ಇತಿಹಾಸದ ಪ್ರಥಮ ರಾತ್ರಿ ಪಂದ್ಯ ನಡೆಯಿತು. ಅಲ್ಲಿ ರಾತ್ರಿ ಎಂಟು ಗಂಟೆಯಾದಾಗ ನಮ್ಮಲ್ಲಿ ಸಂಜೆ ಐದೂವರೆ. ಆದುದರಿಂದ ಆ ಪಂದ್ಯವನ್ನು ನಮ್ಮ ನಾಡಿನಲ್ಲಿಯೂ ದೂರದರ್ಶಕದ ಮುಂದೆ ಕುಳಿತು ನೋಡಿದವರು ಅನೇಕರಿದ್ದಾರೆ. ಇಕ್ಕಟ್ಟಾದ ಬೀದಿಗಳಲ್ಲಿ ಹಾದುಹೋಗುವ ಅಂತಹ ಮಾರ್ಗದಲ್ಲಿ ಮುಂದಿನ ಕಾರನ್ನು ಹಿಂದಿಕ್ಕುವುದು ಬಹು ಕಷ್ಟ. ಹೀಗಿರಲು, ಎರಡು ಬಾರಿ ವಿಶ್ವ ಚಾಂಪಿಯನ್ ಆಗಿದ್ದ ರೆನೊ ತಂಡದ ಫರ್ನಾಂಡೊ ಅಲೋನ್ಸೊನ ಕಾರು ಹಿಂದಿನ ದಿನದ ಅರ್ಹತಾ ಸುತ್ತಿನಲ್ಲಿ ಕೆಟ್ಟು ನಿಂತುದರಿಂದ ಅವನು ಹದಿನೈದನೆಯ ಸ್ಥಾನದಿಂದ ಹೊರಡಬೇಕಾಯಿತು. ಅದೇ ತಂಡದ ಎರಡನೆಯ ಚಾಲಕ, ಬ್ರೆಜಿಲಿನ ನೆಲ್ಸನ್ ಪಿಕೆ ಜೂನಿಯರ್, ಹದಿನಾರನೆಯವನು. ಅಷ್ಟು ಹಿಂದಿನಿಂದ ಹೊರಟವನು ಗೆಲ್ಲುವನೆಂದು ಯಾರೂ ನಿರೀಕ್ಷಿಸಿರಲಿಲ್ಲ.

ಮುಂದೆ ನಡೆದುದು ಅರ್ಥವಾಗಬೇಕಾದರೆ ಅಂದಿನ ನಿಯಮವೊಂದನ್ನು ತಿಳಿದಿರಬೇಕು. ಆ ಕಾಲದಲ್ಲಿ ಪಂದ್ಯದ ನಡುವೆ ಕಾರುಗಳು ಪಿಟ್‌ಗೆ ಬಂದು ಇಂಧನ ತುಂಬಿಸಿಕೊಳ್ಳುತ್ತಿದ್ದವು. ಮಾರ್ಗದಲ್ಲಿ ಅಪಘಾತವಾಗಿ ಅವಶೇಷಗಳು ಬಿದ್ದರೆ ಸೇಫ್ಟಿ ಕಾರ್ ಎಂಬ ವಾಹನವು ಮುಂದೆ ಬಂದು ಎಲ್ಲರನ್ನೂ ನಿಧಾನವಾಗಿ ತನ್ನ ಹಿಂದೆ ಸಾಲುಗಟ್ಟಿಸಿಕೊಳ್ಳುವುದು. ಸಾಲು ಕೂಡುವವರೆಗೆ ಪಿಟ್ ಮುಚ್ಚಿರುತ್ತಿತ್ತು. ಆದುದರಿಂದ ಸೇಫ್ಟಿ ಕಾರ್ ಬರುವುದಕ್ಕೆ ಸ್ವಲ್ಪ ಮುನ್ನವೇ ಇಂಧನ ತುಂಬಿಸಿಕೊಂಡವನಿಗೆ ಮಹಾ ಲಾಭ: ಮುಂದಿದ್ದವರು ಗಳಿಸಿದ ಅಂತರವೆಲ್ಲ ಅಳಿಸಿಹೋಗಿ, ಅವರೆಲ್ಲರೂ ಪಿಟ್‌ಗೆ ತೆರಳಿದಾಗ ಅವನು ಅನಾಯಾಸವಾಗಿ ಮುಂದೆ ಬಂದು ನಿಲ್ಲುತ್ತಿದ್ದನು. ಆದರೆ ಸೇಫ್ಟಿ ಕಾರ್ ಎಂದು ಬರುವುದೆಂಬುದು ವಿಧಿಯ ಕೈಯಲ್ಲಿರುವ ಸಂಗತಿ. ಮನುಷ್ಯನಿಗೆ ಮುಂಚಿತವಾಗಿ ತಿಳಿಯತಕ್ಕುದಲ್ಲ.

ಆ ರಾತ್ರಿ ತಿಳಿದಿತ್ತು. ಹನ್ನೆರಡನೆಯ ಸುತ್ತಿನಲ್ಲಿಯೇ, ಬೇರೆ ಯಾರೂ ನಿಲ್ಲದಿದ್ದಾಗ, ಅಲೋನ್ಸೊನನ್ನು ಪಿಟ್‌ಗೆ ಕರೆಸಿದರು. ಹದಿನಾಲ್ಕನೆಯ ಸುತ್ತಿನಲ್ಲಿ ಪಿಕೆಯ ಕಾರು ಹದಿನೇಳನೆಯ ತಿರುವಿನ ಬಳಿ ಜಾರಿ ಕಾಂಕ್ರೀಟಿನ ಗೋಡೆಗೆ ಬಡಿಯಿತು. ಕಾರನ್ನೆತ್ತುವ ಕ್ರೇನ್ ಆ ತಿರುವಿನ ಸಮೀಪದಲ್ಲಿ ಇರಲಿಲ್ಲವಾದುದರಿಂದ ಸೇಫ್ಟಿ ಕಾರ್ ಬರಲೇಬೇಕಾಯಿತು. ಅಲ್ಲಿಯವರೆಗೆ ಅಗ್ರಸ್ಥಾನದಲ್ಲಿದ್ದ ಫೆರಾರಿಯ ಫೆಲಿಪೆ ಮಾಸಾ ಎಲ್ಲರೊಡನೆ ಪಿಟ್‌ಗೆ ಬಂದಾಗ, ಆತುರದಲ್ಲಿ ಹೊರಡುವ ಸಂಕೇತವು ಮುಂಚೆಯೇ ಬೆಳಗಿ, ಇಂಧನದ ಕೊಳವೆಯು ಕಾರಿಗೆ ಕಚ್ಚಿಕೊಂಡಿರುವಂತೆಯೇ ಅವನು ಹೊರಟುಬಿಟ್ಟ. ಪಿಟ್ ಹಾದಿಯ ತುದಿಯಲ್ಲಿ ಅವನು ಕಾರು ನಿಲ್ಲಿಸಿಕೊಂಡು ಕಾಯುತ್ತಿದ್ದಂತೆ ತಂಡದ ಕೆಲಸಗಾರರು ಓಡೋಡಿ ಬಂದು ಆ ಕೊಳವೆಯನ್ನು ಕಿತ್ತು ತೆಗೆಯಬೇಕಾಯಿತು. ಅಷ್ಟರಲ್ಲಿ ಅವನು ಕಟ್ಟಕಡೆಯವನಾಗಿದ್ದ. ಅಲೋನ್ಸೊ ಗೆದ್ದ, ಮಾಸಾನ ಪ್ರತಿಸ್ಪರ್ಧಿ ಲೂಯಿಸ್ ಹ್ಯಾಮಿಲ್ಟನ್ ಮೂರನೆಯವನಾಗಿ ಆರು ಅಂಕ ಗಳಿಸಿದ, ಹದಿಮೂರನೆಯವನಾದ ಮಾಸಾನಿಗೆ ಒಂದೂ ದೊರೆಯಲಿಲ್ಲ. ಆ ವರ್ಷದ ಕೊನೆಯಲ್ಲಿ ಹ್ಯಾಮಿಲ್ಟನ್ 98 ಅಂಕಗಳಿಂದ ವಿಶ್ವ ಚಾಂಪಿಯನ್ ಆದನು. ಮಾಸಾನ ಅಂಕ 97.

ಅಂದು ಪಿಕೆಯ ಅಪಘಾತವನ್ನು ಬಹುಮಂದಿ ಅನುಭವವಿಲ್ಲದವನ ಪ್ರಮಾದವೆಂದೇ ಭಾವಿಸಿದರು. ಹತ್ತು ತಿಂಗಳ ತರುವಾಯ, 2009ರ ಮಧ್ಯದಲ್ಲಿ, ರೆನೊ ತಂಡವು ಪಿಕೆಯನ್ನು ಕೈಬಿಟ್ಟಾಗ, ಅವನು ಅಂತರರಾಷ್ಟ್ರೀಯ ಮೋಟಾರು ಒಕ್ಕೂಟವಾದ ಎಫ್‌ಐಎಯ ಮುಂದೆ ಹೇಳಿಕೆಯನ್ನಿತ್ತು, ಆ ಅಪಘಾತವನ್ನು ತಾನು ಬೇಕೆಂದೇ ಮಾಡಿದೆನೆಂದೂ, ಪಂದ್ಯಕ್ಕೆ ಮುನ್ನ ತಂಡದ ಮುಖ್ಯಸ್ಥ ಫ್ಲಾವಿಯೊ ಬ್ರಿಯಾಟೊರೆ ಮತ್ತು ಇಂಜಿನಿಯರಿಂಗ್ ಮುಖ್ಯಸ್ಥ ಪ್ಯಾಟ್ ಸೈಮಂಡ್ಸ್ ತನ್ನನ್ನು ಕರೆದು ಈ ಕಾರ್ಯವನ್ನು ಕೇಳಿದರೆಂದೂ, ಯಾವ ತಿರುವಿನಲ್ಲಿ ಕ್ರೇನ್ ಇಲ್ಲವೆಂಬುದನ್ನು ಸೈಮಂಡ್ಸ್ ನಕ್ಷೆಯಲ್ಲಿ ತೋರಿಸಿದನೆಂದೂ ತಿಳಿಸಿದನು.

ಮಾತಿಗೆ ಯಂತ್ರವೂ ಸಾಕ್ಷಿ ನುಡಿಯಿತು. ಇಂದಿನ ಪಂದ್ಯದ ಕಾರು ಚಾಲಕನ ಪಾದದ ಒತ್ತಡವನ್ನೂ ಕೈಯ ತಿರುವನ್ನೂ ಕ್ಷಣಕ್ಷಣಕ್ಕೆ ದಾಖಲಿಸುತ್ತದೆ. ಹಿಂದಿನ ಚಕ್ರಗಳು ಜಾರತೊಡಗಿದಾಗ ಯಾವ ಚಾಲಕನಾದರೂ, ಯೋಚಿಸುವುದಕ್ಕೂ ಮುಂಚೆ, ಆಕ್ಸಿಲರೇಟರಿನಿಂದ ಪಾದವನ್ನು ಸಡಿಲಿಸುವನು. ವರ್ಷಗಟ್ಟಲೆ ಅಭ್ಯಾಸದಿಂದ ಅದು ಉಸಿರಾಟದಷ್ಟೇ ಸಹಜವಾಗಿರುತ್ತದೆ. ಪಿಕೆಯ ಪಾದವಾದರೋ, ಕಾರು ಜಾರುತ್ತಿರುವಾಗಲೂ ಕೆಳಗೆ ಒತ್ತಿಯೇ ಇತ್ತು. ಅಲ್ಲದೆ, ಆ ದಿನ ಅವನು ತಾನು ಯಾವ ಸುತ್ತಿನಲ್ಲಿರುವೆನೆಂದು ರೇಡಿಯೋದಲ್ಲಿ ಮತ್ತೆ ಮತ್ತೆ ವಿಚಾರಿಸಿದ್ದನು. ಆಗ ಯಾರ ಗಮನವನ್ನೂ ಸೆಳೆಯದಿದ್ದ ಆ ಪ್ರಶ್ನೆಯು ಈಗ ಭಯಂಕರವಾದ ಅರ್ಥವನ್ನು ಪಡೆಯಿತು.

ಕೊನೆಗೆ ರೆನೊ ಆರೋಪವನ್ನು ಒಪ್ಪಿಕೊಂಡಿತು. ಬ್ರಿಯಾಟೊರೆ, ಸೈಮಂಡ್ಸ್ ಇಬ್ಬರೂ ತಂಡವನ್ನು ಬಿಟ್ಟರು. 2009ರ ಸೆಪ್ಟೆಂಬರ್ 21ರಂದು ಪ್ಯಾರಿಸಿನಲ್ಲಿ ಕೂಡಿದ ವಿಶ್ವ ಮೋಟಾರು ಕ್ರೀಡಾ ಮಂಡಳಿಯು ತಂಡಕ್ಕೆ ಅನರ್ಹತೆಯ ಶಿಕ್ಷೆಯನ್ನು ವಿಧಿಸಿ, ಅದನ್ನು ಜಾರಿಗೊಳಿಸದೆ ಎರಡು ವರ್ಷ ಅಮಾನತಿನಲ್ಲಿಟ್ಟಿತು. ಬ್ರಿಯಾಟೊರೆಗೆ ಅನಿರ್ದಿಷ್ಟ ಕಾಲ, ಸೈಮಂಡ್ಸ್‌ಗೆ ಐದು ವರ್ಷ ಬಹಿಷ್ಕಾರ ಹಾಕಿತು. ಸತ್ಯ ನುಡಿದುದಕ್ಕಾಗಿ ಪಿಕೆಗೆ ಕ್ಷಮಾದಾನವಿತ್ತಿತು. ಅಲೋನ್ಸೊನಿಗೆ ಏನೂ ತಿಳಿದಿರಲಿಲ್ಲವೆಂದು ನಿರ್ಣಯಿಸಿತು. 2010ರ ಜನವರಿಯಲ್ಲಿ ಫ್ರಾನ್ಸಿನ ನ್ಯಾಯಾಲಯವು ಆ ಬಹಿಷ್ಕಾರಗಳನ್ನು ರದ್ದುಪಡಿಸಿತು. ಕೊನೆಗೆ ಇಬ್ಬರೂ ಒಪ್ಪಂದದ ಮೇರೆಗೆ ಕೆಲವು ವರ್ಷ ಫಾರ್ಮುಲಾ ಒನ್‌ನಿಂದ ದೂರವಿದ್ದರು. ಸೈಮಂಡ್ಸ್ ತನ್ನ ಪಾತ್ರವನ್ನು ಒಪ್ಪಿ ಪಶ್ಚಾತ್ತಾಪ ವ್ಯಕ್ತಪಡಿಸಿದನು. ಬ್ರಿಯಾಟೊರೆ ತಾನು ನಿರಪರಾಧಿಯೆಂದೇ ಸಾಧಿಸಿದನು. 2024ರಲ್ಲಿ ಅವನು ಅದೇ ರೆನೊ ಸಂಸ್ಥೆಯ ಆಲ್ಪೀನ್ ತಂಡಕ್ಕೆ ಸಲಹೆಗಾರನಾಗಿ ಮರಳಿದನು.

ಇನ್ನು ನಾವು ವಿಚಾರಿಸಬೇಕಾದುದು ಪಿಕೆಯಂತಹ ಚಾಲಕನು ಇದಕ್ಕೆ ಏಕೆ ಒಡಂಬಟ್ಟನೆಂಬುದನ್ನು. ಆ ವರ್ಷ ಸಿಂಗಪುರದಲ್ಲಿ ಓಡಿದ ಕಾರುಗಳು ಇಪ್ಪತ್ತೇ. ಇಡೀ ಜಗತ್ತಿನಲ್ಲಿ ಇಪ್ಪತ್ತು ಮಂದಿಗೆ ಮಾತ್ರ ಸ್ಥಾನವುಳ್ಳ ಉದ್ಯೋಗದಲ್ಲಿ, ಮೂರು ಬಾರಿ ವಿಶ್ವ ಚಾಂಪಿಯನ್ ಆದ ತಂದೆಯ ಹೆಸರಿನ ಭಾರವನ್ನು ಹೊತ್ತು, ಮುಂದಿನ ವರ್ಷದ ಒಪ್ಪಂದವು ನವೀಕರಣವಾಗುವುದೋ ಇಲ್ಲವೋ ಎಂಬ ಚಿಂತೆಯಲ್ಲಿ ಅವನು ದಿನ ಕಳೆಯುತ್ತಿದ್ದನು. ಅವನ ತಂಡದ ಮುಖ್ಯಸ್ಥನಾಗಿದ್ದ ಬ್ರಿಯಾಟೊರೆಯೇ ಅವನ ವ್ಯವಹಾರಗಳನ್ನು ನೋಡಿಕೊಳ್ಳುವ ಮ್ಯಾನೇಜರೂ ಆಗಿದ್ದನು. ಧಣಿಯೊಡನೆ ನ್ಯಾಯವಾಗಿ ಮಾತನಾಡಿ ತನ್ನ ಹಿತವನ್ನು ಕಾಯಬೇಕಾದವನೇ ಧಣಿಯಾಗಿರುವಾಗ, ಆ ಯುವಕನು ಯಾರ ಬಳಿ ದೂರು ಹೇಳಬೇಕಾಗಿತ್ತು? ಈ ಯೋಜನೆಯನ್ನು ಮೊದಲು ಸೂಚಿಸಿದವನು ಪಿಕೆಯೇ ಎಂದು ಸೈಮಂಡ್ಸ್ ಹೇಳಿದ್ದಾನೆ; ಅದು ನಿಜವಾಗಿದ್ದರೂ ಸಹ, ಕಿರಿಯನೊಬ್ಬನು ತನ್ನ ಜೀವನೋಪಾಯಕ್ಕಾಗಿ ಅಂತಹ ಮಾತನ್ನು ಆಡುವಷ್ಟು ದೀನನಾದಾಗ ಅದನ್ನು ಆ ಕ್ಷಣದಲ್ಲಿಯೇ ಖಂಡಿಸಿ ತಡೆಯಬೇಕಾದುದು ಹಿರಿಯರ ಧರ್ಮವಾಗಿತ್ತಲ್ಲವೇ? ಇದರಿಂದ ಪಿಕೆಯ ಅಪರಾಧವು ಕರಗಿಹೋಗುವುದಿಲ್ಲ. ಆದರೆ ಅಪರಾಧದ ಬೇರು ಎಲ್ಲಿತ್ತೆಂಬುದು ಸ್ಪಷ್ಟವಾಗುತ್ತದೆ.

ಇಲ್ಲೊಂದು ಗಮನಾರ್ಹವಾದ ಸಂಗತಿಯಿದೆ. ಮಂಡಳಿಯ ನಿರ್ಣಯದಲ್ಲಿ ‘ಸಾಕ್ಷಿ ಎಕ್ಸ್’ ಎಂದಷ್ಟೇ ಉಲ್ಲೇಖಿತನಾದ, ಹೆಸರನ್ನು ಗುಪ್ತವಾಗಿಟ್ಟ ರೆನೊ ತಂಡದ ಸದಸ್ಯನೊಬ್ಬನಿದ್ದಾನೆ. ಅರ್ಹತಾ ಸುತ್ತು ಮುಗಿದ ಮೇಲೆ ಈ ಯೋಜನೆಯ ಮಾತು ಅವನ ಕಿವಿಗೂ ಬಿದ್ದಿತು. ಅವನು ಅದನ್ನು ಆಕ್ಷೇಪಿಸಿದನು. ತಂಡದೊಳಗೆ ಧರ್ಮದ ಧ್ವನಿಯೊಂದು ಇದ್ದೇ ಇತ್ತು. ಆದರೆ ಆ ಧ್ವನಿಯು ಕೋಣೆಯ ಹೊರಗೆ ಬರಲು ಒಂದು ವರ್ಷ ಹಿಡಿಯಿತು.

ತಂಡದ ಆಜ್ಞೆಗೂ ವಂಚನೆಗೂ ಇರುವ ಅಂತರವನ್ನು ಇಲ್ಲಿ ವಿವೇಚಿಸುವುದು ಅವಶ್ಯ. ಏಕೆಂದರೆ ಈ ಕ್ರೀಡೆಯಲ್ಲಿ ಸ್ಪರ್ಧಿಯು ಒಬ್ಬನೇ ಆದರೂ ತಂಡವು ಸಾಮೂಹಿಕವಾದುದು. 2002ರ ಆಸ್ಟ್ರಿಯಾ ಗ್ರ್ಯಾನ್ ಪ್ರಿಯಲ್ಲಿ ಗೆಲುವಿನ ರೇಖೆಯ ಸಮೀಪದಲ್ಲಿ ರೂಬೆನ್ಸ್ ಬ್ಯಾರಿಕೆಲ್ಲೊ ಫೆರಾರಿ ತಂಡದ ಆಜ್ಞೆಯಂತೆ ಮೈಕೆಲ್ ಶುಮಾಕರ್‌ಗೆ ದಾರಿ ಬಿಟ್ಟಾಗ ಪ್ರೇಕ್ಷಕರು ಧಿಕ್ಕರಿಸಿ ಕೂಗಿದರು. ಮುಂದಿನ ವರ್ಷದಿಂದ ಅಂತಹ ಆಜ್ಞೆಗಳು ನಿಷಿದ್ಧವಾದವು. ನಿಷೇಧವು ಆಚರಣೆಯಲ್ಲಿ ನಿಲ್ಲಲಿಲ್ಲ. ಸಂಕೇತಗಳ ಮೂಲಕ ಆಜ್ಞೆಗಳು ಮುಂದುವರಿದುವು, 2011ರಿಂದ ನಿಷೇಧವನ್ನೇ ತೆಗೆದುಹಾಕಿದರು. ಆ ಆಜ್ಞೆ ನಮಗೆ ರುಚಿಸದಿರಬಹುದು. ಆದರೆ ಅದರಿಂದ ನಷ್ಟಪಡುವವನು ಅದೇ ತಂಡದವನು, ನಡೆಯುವುದು ಎಲ್ಲರ ಕಣ್ಣೆದುರಿಗೆ. ಸಿಂಗಪುರದಲ್ಲಿ ಆದುದು ಬೇರೆ: ಅಲ್ಲಿ ಅನ್ಯರ ಪಂದ್ಯವನ್ನು ಕೆಡಿಸಲಾಯಿತು, ಕೃತ್ರಿಮವನ್ನು ದೈವದ ವೇಷದಲ್ಲಿ ಮರೆಮಾಡಲಾಯಿತು. 2013ರಲ್ಲಿ ಅಮೆರಿಕದ ನ್ಯಾಸ್ಕಾರ್ ಕಾರು ಪಂದ್ಯಮಾಲೆಯ ರಿಚ್ಮಂಡ್ ಪಂದ್ಯದ ಕೊನೆಯ ಸುತ್ತುಗಳಲ್ಲಿ ಮೈಕೆಲ್ ವಾಲ್ಟ್ರಿಪ್ ತಂಡದ ಕಾರೊಂದು ಗಿರಕಿ ಹೊಡೆದು ಪಂದ್ಯದ ಗತಿಯನ್ನೇ ಬದಲಿಸಿದಾಗ, ನ್ಯಾಸ್ಕಾರ್ ಆಡಳಿತವು ಪಂದ್ಯದ ಫಲಿತಾಂಶವನ್ನು ತಂಡವು ಕೈವಾಡದಿಂದ ಪ್ರಭಾವಿಸಲೆತ್ನಿಸಿತೆಂದು ತೀರ್ಮಾನಿಸಿ 3 ಲಕ್ಷ ಡಾಲರ್ ದಂಡ ವಿಧಿಸಿತು. ಅಲ್ಲಿಯೂ ಮೂಲವು ತಂಡದ ಒಳಗೇ ಇತ್ತು, ಹೊರಗಲ್ಲ. ಗಮನಿಸತಕ್ಕ ಅಂಶವೆಂದರೆ, ಆ ಆಡಳಿತವು ಕೆಲವೇ ದಿನಗಳಲ್ಲಿ ಕ್ರಮ ಕೈಕೊಂಡು, ಅನ್ಯಾಯದಿಂದ ಅವಕಾಶ ಕಳೆದುಕೊಂಡ ಚಾಲಕರಿಗೆ ಪ್ರಶಸ್ತಿಯ ಅಂತಿಮ ಹಂತದಲ್ಲಿ ಸ್ಥಾನವನ್ನು ಮರಳಿ ಕೊಟ್ಟಿತು.

ಅದೇ ಶೀಘ್ರತೆಯು ಸಿಂಗಪುರದ ಪ್ರಕರಣದಲ್ಲಿ ದೊರೆಯಲಿಲ್ಲ. ಪಿಕೆಯ ತಂದೆಯು 2008ರ ಋತುವಿನ ಕೊನೆಯಲ್ಲಿಯೇ ಪಂದ್ಯ ನಿರ್ದೇಶಕ ಚಾರ್ಲಿ ವೈಟಿಂಗ್‌ಗೆ ಈ ವಿಷಯವನ್ನು ಖಾಸಗಿಯಾಗಿ ತಿಳಿಸಿದ್ದನು; ಮಗನಿಗೆ ತೊಂದರೆಯಾದೀತೆಂಬ ಭಯದಿಂದ ವಿಧಿವತ್ತಾದ ದೂರನ್ನು ಕೊಡಲಿಲ್ಲ. ಕ್ರೀಡೆಯ ವಾಣಿಜ್ಯ ಮುಖ್ಯಸ್ಥನಾಗಿದ್ದ ಬರ್ನಿ ಎಕ್ಲೆಸ್ಟನ್ ಕೂಡ ತನಗೂ ಎಫ್‌ಐಎ ಅಧ್ಯಕ್ಷ ಮ್ಯಾಕ್ಸ್ ಮೋಸ್ಲಿಗೂ 2008ರಲ್ಲಿಯೇ ತಿಳಿದಿತ್ತೆಂದು ಹೇಳಿದುದಾಗಿ 2023ರಲ್ಲಿ ಸಂದರ್ಶನವೊಂದು ಪ್ರಕಟವಾಯಿತು. ತನಗೆ ಅದು ನೆನಪಿಲ್ಲವೆಂದು ಅವನು ತರುವಾಯ ಹೇಳಿದನು. ಆ ಸಂದರ್ಶನದ ಮಾತನ್ನಾಧರಿಸಿ ಮಾಸಾ 2024ರಲ್ಲಿ ಲಂಡನ್ನಿನ ಹೈಕೋರ್ಟಿನಲ್ಲಿ ದಾವೆ ಹೂಡಿದನು. ವರ್ಷಾಂತ್ಯದಲ್ಲಿ ಪ್ರಶಸ್ತಿ ಪ್ರದಾನವಾದ ಮೇಲೆ ಫಲಿತಾಂಶವನ್ನು ಬದಲಿಸುವಂತಿಲ್ಲವೆಂಬ ನಿಯಮವಿದ್ದುದರಿಂದ, 2009ರಲ್ಲಿ ಸತ್ಯವು ಹೊರಬಿದ್ದಾಗ ಅದಕ್ಕೆ ಪರಿಹಾರ ಕೊಡುವ ಶಕ್ತಿಯು ಉಳಿದಿರಲಿಲ್ಲ. ಮಾಸಾನ ಸೋಲಿಗೆ ಅವನ ತಂಡದ ಇಂಧನ ಕೊಳವೆಯ ಪ್ರಮಾದವೂ ಕಾರಣವೆಂಬುದು ನಿಜ. ಆದರೆ ಆ ಅಪಘಾತವಿಲ್ಲದಿದ್ದರೆ ಆ ಆತುರವೂ ಇರುತ್ತಿರಲಿಲ್ಲವೆಂಬುದು ಅಷ್ಟೇ ನಿಜ. ಈ ಎರಡನ್ನೂ ತೂಗಿ ನ್ಯಾಯವನ್ನು ಹೇಳುವ ಕಾಲವು ಮೀರಿಹೋಗಿತ್ತು.

ನಷ್ಟವು ಒಬ್ಬನ ಪ್ರಶಸ್ತಿಗೆ ಮಾತ್ರ ಸಂಬಂಧಿಸಿದುದಲ್ಲ. ಮೋಟಾರು ಪಂದ್ಯದ ಮಾರ್ಗದ ಅಂಚಿನಲ್ಲಿ ಬಾವುಟ ಹಿಡಿದು ನಿಲ್ಲುವ ಮಾರ್ಷಲ್‌ಗಳು ಬಹುಪಾಲು ಸ್ವಯಂಸೇವಕರು. 2000ರಲ್ಲಿ ಮೊಂಜಾದಲ್ಲಿಯೂ, 2001ರಲ್ಲಿ ಮೆಲ್ಬರ್ನ್‌ನಲ್ಲಿಯೂ ಅಪಘಾತದಲ್ಲಿ ಕಳಚಿ ಹಾರಿದ ಚಕ್ರವು ಬಡಿದು ಅಂತಹ ಒಬ್ಬೊಬ್ಬ ಸ್ವಯಂಸೇವಕನು ಸತ್ತನು. ಇದನ್ನೆಲ್ಲ ಬಲ್ಲವರೇ, ಜನ ತುಂಬಿದ ನಗರದ ನಡುವೆ, ಕಾರನ್ನು ಗೋಡೆಗೆ ಗುದ್ದಿಸುವ ಯೋಜನೆಯನ್ನು ಮಾಡಿದರು. ಪಂದ್ಯದ ಅಪಾಯವನ್ನು ಚಾಲಕನು ತಾನಾಗಿ ಸ್ವೀಕರಿಸುವುದರಿಂದಲೇ ಆ ಕ್ರೀಡೆಗೆ ಘನತೆ ಬಂದಿದೆ. ಅನ್ಯರ ಪ್ರಾಣವನ್ನು ಅವರ ಅರಿವಿಲ್ಲದೆ ಪಣಕ್ಕಿಡುವ ಅಧಿಕಾರವು ಯಾವ ತಂಡಕ್ಕೂ ಇಲ್ಲ.

ಆದುದರಿಂದ ಪಂದ್ಯಗಳ ಪಾವಿತ್ರ್ಯವನ್ನು ಕಾಯಬೇಕೆನ್ನುವವರು ದಂಡದ ಮೊತ್ತವನ್ನು ಏರಿಸಿದರೆ ಸಾಲದು. ತಂಡದ ಮುಖ್ಯಸ್ಥನೇ ಚಾಲಕನ ಮ್ಯಾನೇಜರ್ ಆಗುವುದನ್ನು ತಡೆಯಬೇಕು. ಅನ್ಯಾಯದ ಮಾತನ್ನು ಕೇಳಿದ ಇಂಜಿನಿಯರ್ ಆಗಲಿ, ಚಾಲಕನಾಗಲಿ ಅಂದೇ ಹೋಗಿ ಹೇಳಿಕೊಳ್ಳಲು ಆಡಳಿತದಲ್ಲಿ ಸುರಕ್ಷಿತವಾದ ಸ್ಥಾನವೊಂದಿರಬೇಕು. ಖಾಸಗಿಯಾಗಿ ಕೇಳಿದ ಸುದ್ದಿಯನ್ನೂ ಬರೆದಿಟ್ಟು, ಋತು ಮುಗಿಯುವುದರೊಳಗೆ ತನಿಖೆ ಮಾಡುವ ಕರ್ತವ್ಯವು ಅಧಿಕಾರಿಗಳ ಮೇಲಿರಬೇಕು. ಸಿಂಗಪುರದ ಆ ತಂಡದಲ್ಲಿ ‘ಇದು ಕೂಡದು’ ಎಂದವನೊಬ್ಬನಿದ್ದನು. ಅವನ ಮಾತಿಗೆ ಅಂದೇ ಬೆಲೆ ಬಂದಿದ್ದರೆ ಪಿಕೆಯ ಉದ್ಯೋಗವೂ, ಮಾಸಾನ ನ್ಯಾಯವೂ, ಹ್ಯಾಮಿಲ್ಟನ್‌ನ ಗೆಲುವಿನ ನಿಷ್ಕಳಂಕತೆಯೂ ಉಳಿಯುತ್ತಿದ್ದವು.