ನಿಮಗಿದು ಗೊತ್ತೆ? ಮುಚ್ಚಿದರೂ ಮುಚ್ಚದ ಆ್ಯಪ್‌ಗಳು

ವಿಂಡೋಸ್ 95ಕ್ಕೆ ಕನಿಷ್ಠ 4 ಎಂಬಿ ರ್‍ಯಾಮ್ ಇದ್ದರೆ ಸಾಕಿತ್ತು. ಇಂದಿನ ಒಂದು ಚಾಟ್ ಆ್ಯಪ್, ಯಾರೂ ಮಾತಾಡದೆ ಸುಮ್ಮನೆ ಕೂತಿದ್ದಾಗಲೂ ಅದರ ಹತ್ತಾರು ಪಟ್ಟು ಮೆಮೊರಿ ಹಿಡಿದಿಟ್ಟುಕೊಳ್ಳುತ್ತದೆ!

ಸ್ಲ್ಯಾಕ್, ಡಿಸ್ಕಾರ್ಡ್, ವಿಎಸ್ ಕೋಡ್ ಮುಂತಾದವು ‘ಎಲೆಕ್ಟ್ರಾನ್’ ಎಂಬ ತಂತ್ರಾಂಶ ಚೌಕಟ್ಟಿನ ಮೇಲೆ ನಿಂತಿವೆ. 2013ರಲ್ಲಿ ಗಿಟ್‌ಹಬ್ ಸಂಸ್ಥೆ ತನ್ನ ‘ಆಟಮ್’ ಎಡಿಟರ್‌ಗಾಗಿ ಕಟ್ಟಿದ್ದಿದು. ಇದರಲ್ಲಿ ತಯಾರಾದ ಪ್ರತಿ ಆ್ಯಪ್‌ನ ಹೊಟ್ಟೆಯಲ್ಲೂ ಕ್ರೋಮಿಯಂ ಬ್ರೌಸರ್ ಇಡಿಯಾಗಿ ಇರುತ್ತದೆ. ಮೂರು ಆ್ಯಪ್ ತೆರೆದರೆ ಮೂರು ಬ್ರೌಸರ್ ತೆರೆದಂತೆ. ಮನೆಗೆ ಬಂದ ನೆಂಟರೆಲ್ಲ ತಮ್ಮ ತಮ್ಮ ಒಲೆಯನ್ನೂ ಹೊತ್ತು ತಂದ ಹಾಗೆ. ಒಂದೇ ಕೋಡ್ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುವುದರಿಂದ ತಯಾರಕರಿಗೆ ಶ್ರಮ ಉಳಿಯುತ್ತದೆ. ಹೊರೆ ಮಾತ್ರ ಬಳಕೆದಾರರ ರ್‍ಯಾಮ್ ಮೇಲೆ.

ಮೈಕ್ರೋಸಾಫ್ಟ್‌ಗೂ ಇದು ಭಾರವೆನಿಸಿರಬೇಕು. 2023ರಲ್ಲಿ ಅದು ‘ಟೀಮ್ಸ್’ ಆ್ಯಪನ್ನು ಎಲೆಕ್ಟ್ರಾನ್‌ನಿಂದ ಬಿಡಿಸಿ ತನ್ನದೇ ‘ವೆಬ್‌ವ್ಯೂ2’ ಎಂಬ ತಂತ್ರಾಂಶಕ್ಕೆ ಸಾಗಿಸಿತು. ಮೆಮೊರಿ ಬಳಕೆ ಅರ್ಧಕ್ಕಿಳಿಯುತ್ತದೆ ಎಂದು ಹೇಳಿಕೊಂಡಿತು.

ಹಾಗೆಂದು ಎಲ್ಲವೂ ದುಂದಲ್ಲ. ಮತ್ತೆ ಬೇಕಾಗಬಹುದಾದ ಮಾಹಿತಿಯನ್ನು ವಿಂಡೋಸ್ ಖಾಲಿ ರ್‍ಯಾಮ್‌ನಲ್ಲಿ ಇಟ್ಟುಕೊಂಡಿದ್ದು, ಜಾಗ ಬೇಕಾದಾಗ ಬಿಟ್ಟುಕೊಡುತ್ತದೆ. ರ್‍ಯಾಮ್ ನಿಜಕ್ಕೂ ಸಾಲದೆ, ಮಾಹಿತಿ ಡಿಸ್ಕ್‌ಗೂ ರ್‍ಯಾಮ್‌ಗೂ ಓಡಾಡತೊಡಗಿದಾಗ ಕಂಪ್ಯೂಟರ್ ತೆವಳುತ್ತದೆ.

ಇನ್ನೊಂದು ಗುಟ್ಟು: ಮೇಲ್ತುದಿಯ ಗುಣಿಸು ಗುರುತನ್ನು ಒತ್ತಿದರೂ ಹಲವು ಆ್ಯಪ್‌ಗಳು ನಿಲ್ಲುವುದಿಲ್ಲ, ಗಡಿಯಾರದ ಪಕ್ಕ ಅಡಗಿಕೊಳ್ಳುತ್ತವೆ. ಕೆಲವಂತೂ ಕಂಪ್ಯೂಟರ್ ಶುರುವಾದೊಡನೆ ತಾವಾಗಿಯೇ ತೆರೆದುಕೊಳ್ಳುತ್ತವೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್‌ನ ‘ಸ್ಟಾರ್ಟಪ್’ ಪಟ್ಟಿಯನ್ನೊಮ್ಮೆ ನೋಡಿ. ಬೇಡದ್ದನ್ನು ಅಲ್ಲೇ ತಡೆಯಬಹುದು.