ಮುಂಗೈಯ ಯಂತ್ರ ಹೇಳುವ ಕ್ಯಾಲೊರಿಯ ಲೆಕ್ಕ

ಹಾವೇರಿ ಜಿಲ್ಲೆಯ ಸವಣೂರು ತಾಲ್ಲೂಕಿನ ಯಲವಿಗಿಯಲ್ಲಿ ಒಬ್ಬ ಕಾಲೇಜು ವಿದ್ಯಾರ್ಥಿ ಇರುವನೆಂದು ಭಾವಿಸೋಣ. ಅವನ ತೂಕ 70 ಕಿಲೋಗ್ರಾಂ. ಸ್ವಲ್ಪ ಇಳಿಸಬೇಕೆಂಬುದು ಅವನ ಹಂಬಲ. ಮುಂಗೈಗೆ ಫಿಟ್‌ನೆಸ್ ಪಟ್ಟಿಯನ್ನು ಕಟ್ಟಿಕೊಂಡು, ದಿನವೂ ಮುಂಜಾನೆ ರೈಲು ನಿಲ್ದಾಣದ ಕಡೆಗೆ ಒಂದು ಗಂಟೆ ಕಾಲ ನಡೆದು ಬರುತ್ತಾನೆ. ಪಟ್ಟಿಯು 310 ಕ್ಯಾಲೊರಿ ವ್ಯಯವಾಯಿತೆಂದು ತೋರಿಸುತ್ತದೆ. ದುಡಿದವನಿಗೆ ಕೂಲಿ ಸಲ್ಲಬೇಕಷ್ಟೆ! ಎರಡು ಹಿಡಿ ಹುರಿದ ಶೇಂಗಾ ತಿಂದು, ಜಮಾ ಖರ್ಚು ಸರಿಹೋಯಿತೆಂದು ತೃಪ್ತಿಪಡುತ್ತಾನೆ. ತಿಂಗಳು ಕಳೆದ ಮೇಲೆ ತಕ್ಕಡಿಯ ಮೇಲೆ ನಿಂತರೆ ತೂಕ ಇಳಿಯುವ ಬದಲು ತುಸು ಏರಿದೆ. ತಪ್ಪು ಎಲ್ಲಿ ನುಸುಳಿತು?

ಇದನ್ನು ತಿಳಿಯಬೇಕಾದರೆ, ದೇಹದ ಶಕ್ತಿವ್ಯಯವನ್ನು ನಿಜವಾಗಿ ಅಳೆಯುವ ಬಗೆಯನ್ನು ಮೊದಲು ನೋಡಬೇಕು. ಒಂದು ಕಿಲೋಗ್ರಾಂ ನೀರಿನ ಉಷ್ಣತೆಯನ್ನು ಒಂದು ಸೆಲ್ಸಿಯಸ್ ಡಿಗ್ರಿಯಷ್ಟು ಏರಿಸಲು ಬೇಕಾಗುವ ಶಾಖವನ್ನೇ ಆಹಾರದ ಲೆಕ್ಕದಲ್ಲಿ ನಾವು ಕ್ಯಾಲೊರಿ ಎನ್ನುತ್ತೇವೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಲವಾಸಿಯೆ ಎಂಬ ವಿಜ್ಞಾನಿ ಗಿನಿಯಿಲಿಯೊಂದನ್ನು ಮಂಜುಗಡ್ಡೆ ಸುತ್ತುವರಿದ ಪಾತ್ರೆಯಲ್ಲಿಟ್ಟು, ಕರಗಿದ ನೀರನ್ನು ತೂಗಿ ಅದರ ದೇಹದ ಶಾಖವನ್ನು ಅಳೆದನು. ಜೀವಿಯ ಉಸಿರಾಟವೂ ಒಂದು ಬಗೆಯ ಮಂದವಾದ ದಹನವೆಂಬುದು ಹೀಗೆ ತಿಳಿದುಬಂದಿತು. ಇಂದಿನ ಪ್ರಯೋಗಶಾಲೆಗಳಲ್ಲಿ ಮನುಷ್ಯನ ಉಸಿರನ್ನು ಸಂಗ್ರಹಿಸಿ, ವ್ಯಯವಾದ ಆಮ್ಲಜನಕವನ್ನೂ ಹೊರಬಂದ ಇಂಗಾಲದ ಡೈಆಕ್ಸೈಡನ್ನೂ ಅಳೆಯುತ್ತಾರೆ. ಒಂದು ಲೀಟರು ಆಮ್ಲಜನಕ ವ್ಯಯವಾದರೆ ಸುಮಾರು ಐದು ಕ್ಯಾಲೊರಿ ಶಕ್ತಿ ಬಿಡುಗಡೆಯಾಯಿತೆಂದು ಲೆಕ್ಕ.

ಹಾಗಾದರೆ ಮುಂಗೈಯ ಪಟ್ಟಿ ಉಸಿರನ್ನು ಅಳೆಯುವುದೇ? ಇಲ್ಲ. ಶಾಖವನ್ನು? ಅದೂ ಇಲ್ಲ. ಅದರೊಳಗಿರುವ ಒಂದು ಸಣ್ಣ ಉಪಕರಣವು ಕೈಯ ವೇಗೋತ್ಕರ್ಷವನ್ನು ಗ್ರಹಿಸುತ್ತದೆ. ಇನ್ನೊಂದು ಉಪಕರಣವು ಚರ್ಮದ ಮೇಲೆ ಹಸಿರು ಬೆಳಕನ್ನು ಚೆಲ್ಲಿ, ಹಿಂದಿರುಗುವ ಬೆಳಕಿನ ಏರಿಳಿತದಿಂದ ನಾಡಿಯನ್ನು ಎಣಿಸುತ್ತದೆ; ರಕ್ತವು ಹಸಿರು ಬೆಳಕನ್ನು ಹೀರಿಕೊಳ್ಳುವುದರಿಂದ ಇದು ಸಾಧ್ಯವಾಗಿದೆ. ಈ ಎರಡು ಸುಳಿವುಗಳಿಗೆ ನಾವು ತಿಳಿಸಿದ ವಯಸ್ಸು, ಎತ್ತರ, ತೂಕಗಳನ್ನು ಕೂಡಿಸಿ, ಬೇರೆ ಯಾರಾರದೋ ದೇಹಗಳಿಂದ ಪಡೆದ ಸೂತ್ರಕ್ಕೆ ಹಾಕಿ ಯಂತ್ರವು ಉತ್ತರ ಹೇಳುತ್ತದೆ. ಪರದೆಯ ಮೇಲೆ ಮೂಡುವ ಕ್ಯಾಲೊರಿಯ ಅಂಕೆ ಅಳತೆಯಲ್ಲ, ಊಹೆ. ಬುದ್ಧಿವಂತಿಕೆಯ ಊಹೆಯೇ ಸರಿ, ಆದರೂ ಊಹೆ.

ಈ ಊಹೆ ಎಷ್ಟು ತಪ್ಪಬಹುದು? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 60 ಮಂದಿ ಸ್ವಯಂಸೇವಕರಿಗೆ ಏಳು ಬಗೆಯ ಪಟ್ಟಿಗಳನ್ನು ತೊಡಿಸಿ, ನಡೆಯಿಸಿ, ಓಡಿಸಿ, ಸೈಕಲ್ ತುಳಿಸಿ ಪರೀಕ್ಷಿಸಿದರು. ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ನಾಡಿಯ ಎಣಿಕೆಯಲ್ಲಿ ಏಳರಲ್ಲಿ ಆರು ಯಂತ್ರಗಳ ದೋಷ ಶೇಕಡಾ 5ಕ್ಕಿಂತ ಕಡಿಮೆ, ಮೆಚ್ಚತಕ್ಕದ್ದು. ಕ್ಯಾಲೊರಿಯ ವಿಷಯದಲ್ಲಾದರೋ, ಎಲ್ಲಕ್ಕಿಂತ ಉತ್ತಮವಾದುದರ ಸರಾಸರಿ ದೋಷವೇ ಶೇಕಡಾ 27. ಎಲ್ಲಕ್ಕಿಂತ ಕೆಟ್ಟದ್ದು ಶೇಕಡಾ 93! ಆ ಯಂತ್ರಗಳು ಈಗ ಹಳೆಯವಾದುವು, ನಿಜ. ಆದರೆ 2020ರಲ್ಲಿ 158 ಪ್ರಬಂಧಗಳನ್ನು ಒಟ್ಟಾಗಿ ಪರಿಶೀಲಿಸಿದ ವಿದ್ವಾಂಸರು ಸಹ, ಶಕ್ತಿವ್ಯಯವನ್ನು ನಿಖರವಾಗಿ ಹೇಳಿದ ಕಂಪನಿ ಒಂದೂ ಇಲ್ಲವೆಂದೇ ಬರೆದರು.

ನಾಡಿ ಸರಿಯಾಗಿದ್ದೂ ಕ್ಯಾಲೊರಿ ತಪ್ಪುವುದೇಕೆ? ಪರೀಕ್ಷೆಯ ಕೊಠಡಿಯಲ್ಲಿ ಪ್ರಶ್ನಪತ್ರಿಕೆ ಕೈಗೆ ಬಂದಾಗ ನಿಮ್ಮ ಎದೆ ಹೇಗೆ ಬಡಿದುಕೊಳ್ಳುವುದೆಂಬುದನ್ನು ನೆನೆಯಿರಿ. ಎದೆಬಡಿತ ಏರಿದಷ್ಟು ಶಕ್ತಿಯೇನೂ ಆಗ ವ್ಯಯವಾಗುವುದಿಲ್ಲ. ಬಿಸಿಲು, ಭಯ, ಚಹಾ ಇವೆಲ್ಲವೂ ನಾಡಿಯನ್ನು ಏರಿಸಬಲ್ಲವು. ಕೈಯ ಚಲನೆಯ ಸುಳಿವೂ ಹೀಗೆಯೇ ಮೋಸಗೊಳಿಸಬಹುದು. ಜೋಳದ ರೊಟ್ಟಿ ತಟ್ಟುವ ತಾಯಿಯ ಕೈಗೆ ಪಟ್ಟಿ ಕಟ್ಟಿದರೆ, ಒಲೆಯ ಮುಂದೆ ಕುಳಿತವಳ ಬಡಿತಗಳನ್ನು ಅದು ಹೆಜ್ಜೆಗಳೆಂದು ಎಣಿಸೀತು. ತಲೆಯ ಮೇಲೆ ಕೊಡ ಹೊತ್ತು, ಕೈ ಬೀಸದೆ ಬರುವವಳ ದುಡಿಮೆಯನ್ನು ಕಡಿಮೆ ಎಣಿಸೀತು. ನಮ್ಮ ಹೊಲಮನೆಗಳ ಕೆಲಸವನ್ನು ಆ ಸೂತ್ರಗಳನ್ನು ರಚಿಸಿದವರು ಕಂಡಿದ್ದರೋ ಇಲ್ಲವೋ ಎಂಬ ಶಂಕೆ ನನಗುಂಟು.

ಇನ್ನೊಂದು ತೊಡಕು ನಮ್ಮ ದೇಹಗಳದೇ. ಯಲವಿಗಿಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ಬಂದರೆ, ಅಲ್ಲಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಈ ಬಗ್ಗೆ ಬಹುಕಾಲದಿಂದ ಸಂಶೋಧನೆ ನಡೆದಿದೆ. ರಾತ್ರಿಯ ಉಪವಾಸದ ಬಳಿಕ, ಎಚ್ಚರವಾಗಿದ್ದು, ಅಲುಗಾಡದೆ ಮಲಗಿದವನ ದೇಹವು ಬದುಕಿರುವುದಕ್ಕಾಗಿಯೇ ಮಾಡುವ ಶಕ್ತಿವ್ಯಯಕ್ಕೆ ಮೂಲ ಚಯಾಪಚಯ ದರವೆಂದು ಹೆಸರು. 1993ರಲ್ಲಿ ಪ್ರಕಾಶ ಶೆಟ್ಟಿ ಮತ್ತು ಅವರ ಸಂಗಡಿಗರು ಇದನ್ನು ಭಾರತೀಯ ಸ್ತ್ರೀಪುರುಷರಲ್ಲಿ ಅಳೆದು ಪ್ರಕಟಿಸಿದರು. ಅಂತಾರಾಷ್ಟ್ರೀಯ ಸೂತ್ರಗಳು ಹೇಳುವ ಮೊತ್ತಕ್ಕಿಂತ ಅದು ಕಡಿಮೆಯಾಗಿ ಕಂಡುಬಂದಿತು. ಸೂತ್ರದ ಅಡಿಪಾಯವೇ ಹೀಗೆ ಕೊಂಚ ಎತ್ತರಕ್ಕಿದ್ದರೆ, ಅದರ ಮೇಲೆ ಕೂಡಿಸಿದ ಲೆಕ್ಕವೆಲ್ಲ ಎತ್ತರಕ್ಕೇ ಹೋಗುತ್ತದೆ.

ಈಗ ನಮ್ಮ ವಿದ್ಯಾರ್ಥಿಯ ಲೆಕ್ಕಕ್ಕೆ ಬರೋಣ. 70 ಕಿಲೋಗ್ರಾಂ ತೂಕದವನು ಗಂಟೆಗೆ ಐದು ಕಿಲೋಮೀಟರಿನಂತೆ ಒಂದು ಗಂಟೆ ನಡೆದರೆ ವ್ಯಯವಾಗುವುದು ಸುಮಾರು 245 ಕ್ಯಾಲೊರಿ. ಯಂತ್ರವು ಶೇಕಡಾ 27ರಷ್ಟು ಹೆಚ್ಚು ಹೇಳಿತೆನ್ನಿ, 310 ಆಯಿತು. ಅದಕ್ಕಿಂತ ಸೂಕ್ಷ್ಮವಾದ ತಪ್ಪು ಬೇರೊಂದಿದೆ. ಆ 245ರಲ್ಲಿ ಸುಮಾರು 70 ಕ್ಯಾಲೊರಿ ಅವನು ಮನೆಯಲ್ಲಿ ಸುಮ್ಮನೆ ಕುಳಿತಿದ್ದರೂ ವ್ಯಯವಾಗುತ್ತಿತ್ತು! ನಡಿಗೆಯಿಂದ ಹೆಚ್ಚಾಗಿ ಕಳೆದದ್ದು ಕೇವಲ 175. ಅವನು ತಿಂದ ಎರಡು ಹಿಡಿ, ಎಂದರೆ ಸುಮಾರು 60 ಗ್ರಾಂ ಶೇಂಗಾದಲ್ಲಿ 310 ಕ್ಯಾಲೊರಿಗಿಂತ ಕಡಿಮೆಯೇನೂ ಇಲ್ಲ. ದಿನಕ್ಕೆ 135 ಉಳಿದರೆ ತಿಂಗಳಿಗೆ 4,050. ಒಂದು ಕಿಲೋಗ್ರಾಂ ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ ಎಂದರೆ, ಅರ್ಧ ಕಿಲೋಗ್ರಾಂ ಮೈಗೆ ಸೇರಿತು. ನಡೆದು ದಪ್ಪವಾಗುವ ವಿಚಿತ್ರ ಇದೇ.

ಯಂತ್ರವು ಕಡಿಮೆ ಹೇಳಿದರೆ ಅಪಾಯ ಮತ್ತೊಂದು ಬಗೆಯದು: ಬೆಳೆಯುವ ವಯಸ್ಸಿನವರು ಅದನ್ನು ನಂಬಿ ಊಟವನ್ನು ಅತಿಯಾಗಿ ಕಡಿತಗೊಳಿಸಿ ನಿತ್ರಾಣರಾಗಬಹುದು. ಇದು ಮೊದಲಿನದಕ್ಕಿಂತ ಕೆಟ್ಟದ್ದು.

ಯಂತ್ರ ಧರಿಸಿದ ಮಾತ್ರಕ್ಕೆ ತೂಕ ಇಳಿಯುವುದೇ ಎಂಬುದನ್ನೂ ಪರೀಕ್ಷಿಸಲಾಗಿದೆ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದವರು 18ರಿಂದ 35 ವರ್ಷದೊಳಗಿನ 471 ಮಂದಿಯನ್ನು ಎರಡು ವರ್ಷ ಕಾಲ ಗಮನಿಸಿ, 2016ರಲ್ಲಿ ವರದಿ ಪ್ರಕಟಿಸಿದರು. ಆಹಾರ ಮತ್ತು ವ್ಯಾಯಾಮದ ಸಲಹೆ ಎರಡು ಗುಂಪಿಗೂ ದೊರೆತಿತ್ತು. ತೋಳಿಗೆ ಕಟ್ಟುವ ಯಂತ್ರವನ್ನು ಪಡೆದವರು ಸರಾಸರಿ 3.5 ಕಿಲೋಗ್ರಾಂ ಕಳೆದುಕೊಂಡರೆ, ಯಂತ್ರವಿಲ್ಲದೆ ತಮ್ಮ ಲೆಕ್ಕವನ್ನು ತಾವೇ ಬರೆದಿಟ್ಟವರು 5.9 ಕಿಲೋಗ್ರಾಂ ಕಳೆದುಕೊಂಡಿದ್ದರು!

ಹಾಗೆಂದು ಪಟ್ಟಿಯನ್ನು ಕಿತ್ತೆಸೆಯಬೇಕಾಗಿಲ್ಲ. ನಾಡಿಯನ್ನು ಅದು ಚೆನ್ನಾಗಿಯೇ ಎಣಿಸುತ್ತದೆ. ನಿನ್ನೆಗಿಂತ ಇಂದು ಹೆಚ್ಚು ನಡೆದೆವೋ ಇಲ್ಲವೋ ಎಂಬುದನ್ನೂ ಹೇಳಬಲ್ಲದು. ನಮ್ಮ ವಿದ್ಯಾರ್ಥಿ ಕ್ಯಾಲೊರಿಯ ಅಂಕೆಯನ್ನು ನೋಡುವುದನ್ನು ಬಿಟ್ಟು, ವಾರಕ್ಕೆ ಮೂರು ಸಲ ಬೆಳಗ್ಗೆ ಬರಿಹೊಟ್ಟೆಯಲ್ಲಿ ತೂಗಿ, ಸರಾಸರಿಯನ್ನು ನೋಟುಬುಕ್ಕಿನಲ್ಲಿ ಬರೆಯಲಿ. ಮೂರು ನಾಲ್ಕು ವಾರವಾದರೂ ಆ ಸರಾಸರಿ ಕದಲದಿದ್ದರೆ, ಶೇಂಗಾವನ್ನು ಒಂದು ಹಿಡಿಗೆ ಇಳಿಸಿ ಮತ್ತೆ ಮೂರು ವಾರ ನೋಡಲಿ.